ಕದಿರು ಕಟ್ಟಿದ ಕಸ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನೆ ನಾರುತ್ತಿತ್ತು. ಹಳೆಯ ಮನೆ, ಮಳೆಗಾಲದ ಮುಗ್ಗಲು ಎಂದೆಲ್ಲ ಬಂದವರಿಗೆ ಸಬೂಬು ಹೇಳುತ್ತಿದ್ದೆ. ಸುಳ್ಳು. ತೊಳೆಯದ ಹಾಲಿನ ಪ್ಯಾಕೆಟ್ಟು, ಇಲಿಯ ಉಚ್ಚೆ, ಸತ್ತ ಜಿರಲೆ, ನೆನೆದು ಒಣಗಿ ಮತ್ತೆ ನೆನೆದ ರಟ್ಟು, ಇಷ್ಟೂ ಸೇರಿದ ನಾತ ಅದು. ಆ ನಾತದಲ್ಲಿ ನಾನು ಹತ್ತು ವರ್ಷ ಉಂಡೆ, ಮಲಗಿದೆ, ಪೇಪರು ಓದಿದೆ. ಓದಿದ ಪೇಪರನ್ನು ಅದೇ ಕೋಣೆಯಲ್ಲಿ ಪೇರಿಸಿಟ್ಟೆ. ಈಗ ನೆನೆದರೆ ಹೇಸಿಗೆಯಾಗುತ್ತದೆ. ನಿಮಗೂ ಆಗಲಿ ಎಂದೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಬಾಗಿಲು ಪೂರ್ತಿ ತೆರೆಯದ ಒಂದು ಕೋಣೆ ಇದ್ದರೆ, ಅದರ ಬಗ್ಗೆ ಕೇಳಿದವರ ಮೇಲೆ ನಿಮಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿದ್ದರೆ, ದಯವಿಟ್ಟು ಓದಿ.

ನನ್ನ ಹೆಸರು ಮಹಾಬಲ. ವಯಸ್ಸು ಅರವತ್ತೊಂದು. ಮನೆ ಸಾಸ್ತಾನದಿಂದ ಸ್ವಲ್ಪ ಒಳಗೆ. ಹದಿನೈದು ವರ್ಷ ಮುಂಬಯಿಯಲ್ಲಿ ದೊಡ್ಡಪ್ಪನ ಹೋಟೆಲಿನಲ್ಲಿ ದುಡಿದು, ಊರಿಗೆ ಬಂದು ಹೈವೇ ಬದಿಯಲ್ಲಿ ಒಂದು ಸಣ್ಣ ಚಾ ಹೋಟೆಲು ಇಟ್ಟಿದ್ದೆ. ಬೆಳಿಗ್ಗೆ ಅವಲಕ್ಕಿ, ಬನ್ಸು, ಸಂಜೆ ಗೋಳಿಬಜೆ. ರಸ್ತೆ ಅಗಲ ಮಾಡುವಾಗ ಹೋಟೆಲು ಹೋಯಿತು. ಪರಿಹಾರ ಬಂತು, ಅದರ ಬಗ್ಗೆ ನನ್ನ ತಕರಾರಿಲ್ಲ. ಕೆಡಹುವ ಹಿಂದಿನ ದಿನ ಅಲ್ಲಿದ್ದ ಎಲ್ಲವನ್ನೂ ಟೆಂಪೋದಲ್ಲಿ ಮನೆಗೆ ಸಾಗಿಸಿದೆ. ಬೆಂಚುಗಳು, ಗಾಜಿನ ಭರಣಿಗಳು, ಬನ್ಸಿನ ಬಾಣಲೆ, ಮಸಿ ಹಿಡಿದ ಒಲೆ, ಕಡೆಗೆ ಬಾಗಿಲು, ಅದರ ಚೌಕಟ್ಟಾದ ದಾರಂದ ಕೂಡ.

"ಇದೆಲ್ಲ ಎಂತಕೆ?" ಎಂದು ಕೇಳಿದಳು ನನ್ನ ಹೆಂಡತಿ ಜಲಜ.

"ಇನ್ನೊಂದ್ ಹೋಟ್ಲ್ ಮಾಡೂಕೆ ಬೇಕಾತ್ತ್" ಎಂದೆ.

ಇನ್ನೊಂದು ಹೋಟೆಲನ್ನು ನಾನು ಮಾಡಲೇ ಇಲ್ಲ. ಆದರೆ ಸಾಮಾನು ತರುವುದು ನಿಲ್ಲಲಿಲ್ಲ. ರಸ್ತೆ ಬದಿ ಬೇರೆಯವರ ಅಂಗಡಿಗಳೂ ಒಡೆಯುತ್ತಿದ್ದವಲ್ಲ, ಅಲ್ಲಿಂದ ಬೋರ್ಡು, ಶಟರು, ಕ್ಷೌರದ ಅಂಗಡಿಯ ಕುರ್ಚಿ, ಕೆಟ್ಟ ಫ್ರಿಜ್ಜು ತಂದೆ. ಒಡೆಯುವುದೆಲ್ಲ ಮುಗಿದ ಮೇಲೆ ಮೊಸರಿನ ಡಬ್ಬಿ, ತೊಟ್ಟೆ ಎನ್ನುವ ಪ್ಲಾಸ್ಟಿಕ್ ಚೀಲ, ಖಾಲಿ ಔಷಧದ ಬಾಟಲಿ, ನೆರೆಮನೆಯವರ ಹಳೇ ಪೇಪರು. ಎಲ್ಲವೂ ಮುಂದೆ ಬೇಕಾಗುತ್ತದೆ ಎಂದೇ ತಂದದ್ದು. ಬಿಸಾಡಬೇಕು ಎಂದುಕೊಂಡ ಕೂಡಲೇ ಎದೆ ಹಿಡಿದಂತಾಗಿ ಕೈ ತಣ್ಣಗಾಗುತ್ತಿತ್ತು. ಇಟ್ಟುಕೊಂಡರೆ ಸಮಾಧಾನ.

ಯಾಕೆ ಹೀಗಾಯಿತು ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಹೋಟೆಲು ಹೋದದ್ದಕ್ಕೆ ಎಂದರು ಕೆಲವರು. ಮಕ್ಕಳಿಲ್ಲದ್ದಕ್ಕೆ ಎಂದರು ಇನ್ನು ಕೆಲವರು, ಅದೂ ಜಲಜಳ ಎದುರಿಗೇ, ನಮ್ಮದೇ ಚಾ ಕುಡಿಯುತ್ತ. ಹೋಟೆಲು ಕಳೆದುಕೊಂಡವರು ಆ ರಸ್ತೆಯಲ್ಲಿ ಹತ್ತಾರು ಮಂದಿ ಇದ್ದರು, ಮಕ್ಕಳಿಲ್ಲದವರು ಊರು ತುಂಬ ಇದ್ದಾರೆ. ಅವರ ಮನೆಯಲ್ಲಿ ಕಾಲಿಡಲು ಜಾಗ ಇತ್ತು. ನನಗೆ ಕಾಯಿಲೆ ಬಂತು, ಅಷ್ಟೆ.

ಜಲಜ ಮೊದಮೊದಲು ಗುಟ್ಟಿನಲ್ಲಿ ಖಾಲಿ ಮಾಡುತ್ತಿದ್ದಳು. ನಾನು ಕುಂದಾಪುರಕ್ಕೆ ಹೋದ ದಿನ ಗುಜರಿಯವನನ್ನು ಕರೆದು ಒಂದೆರಡು ಮೂಟೆ ಕೊಟ್ಟುಬಿಡುತ್ತಿದ್ದಳು. ನನಗೆ ಗೊತ್ತಾಗದೆ ಇರುತ್ತದೆಯೇ? ಯಾವ ಡಬ್ಬಿ ಎಲ್ಲಿತ್ತು ಎಂಬುದು ನನಗೆ ಬಾಯಿಪಾಠ. ಕೂಗಾಡಿದೆ, ಮೂರು ದಿನ ಮಾತು ಬಿಟ್ಟೆ. ಆಮೇಲೆ ಅವಳ ಕೈ ಕಟ್ಟುವುದಕ್ಕೆ ಒಂದು ದಾರಿ ಹುಡುಕಿದೆ. ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಕಡೆ ಹೊಸ್ತು ಎಂಬ ಹಬ್ಬವಿದೆ. ಭತ್ತ ತೆನೆಗಟ್ಟಿದಾಗ ಮನೆಯ ಯಜಮಾನ ಗದ್ದೆಗೆ ಹೋಗಿ, ಪೂಜೆ ಮಾಡಿ, ಒಂದಿಷ್ಟು ತೆನೆ, ನಮ್ಮ ಮಾತಲ್ಲಿ ಕದಿರು, ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಾನೆ. ಎರಡು ಮೂರು ತೆನೆಗಳನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು, ಬಾಗಿಲಿಗೆ, ಕಂಬಕ್ಕೆ, ಬಾವಿಗೆ, ನೇಗಿಲಿಗೆ, ತೆಂಗಿನ ಮರಕ್ಕೆ ಕಟ್ಟುತ್ತಾನೆ. ಅನ್ನಕ್ಕೆ ದಾರಿಯಾದ ವಸ್ತುಗಳಿಗೆ ತೋರಿಸುವ ಮರ್ಯಾದೆ ಅದು. ಕಟ್ಟಿದ ಕದಿರು ಮುಂದಿನ ಹೊಸ್ತಿನವರೆಗೆ ಅಲ್ಲೇ ಇರುತ್ತದೆ. ಕದಿರು ಕಟ್ಟಿದ ವಸ್ತುವನ್ನು ಬಿಸಾಡಬಾರದು ಎಂದು ಎಲ್ಲೂ ಬರೆದಿಲ್ಲ. ಆದರೆ ಬಿಸಾಡಲು ನಮ್ಮವರಿಗೆ ಕೈ ಬರುವುದಿಲ್ಲ.

ನಾನು ಅದನ್ನೇ ಹಿಡಿದುಕೊಂಡೆ. ಮೊದಲ ವರ್ಷ ಹೋಟೆಲಿನ ಒಲೆಗೆ, ಬಾಣಲೆಗೆ ಕಟ್ಟಿದೆ. ಅದು ನ್ಯಾಯವೇ, ಅವು ನಮಗೆ ಅನ್ನ ಕೊಟ್ಟಿದ್ದವು. ಮರುವರ್ಷ ಬೆಂಚುಗಳಿಗೆ. ಅದರ ಮರುವರ್ಷ ಕ್ಷೌರದ ಕುರ್ಚಿಗೆ, ಕೆಟ್ಟ ಫ್ರಿಜ್ಜಿಗೆ, ಪೇಪರಿನ ಕಟ್ಟುಗಳಿಗೆ. ಕೊನೆಯ ಸಲ ನಮ್ಮ ಗದ್ದೆಯಲ್ಲಿ ಹಣ್ಣಾದ ಕದಿರು ಸಾಲದೆ ಪಕ್ಕದ ಗದ್ದೆಯವರಲ್ಲಿ ಕೇಳಿ ತಂದೆ. ಬೆಳಿಗ್ಗೆ ಶುರು ಮಾಡಿದವನು ಮೂರು ಗಂಟೆಯಾದರೂ ಕಟ್ಟುತ್ತಲೇ ಇದ್ದೆ. ಹೊಸ ಅಕ್ಕಿ ಹಾಕಿದ ಪಾಯಸ ಮಾಡಿಟ್ಟು ಜಲಜ ಹಸಿದುಕೊಂಡು ಕಾದಿದ್ದಳು.

"ಹ್ವಾಯ್, ಆ ತೊಟ್ಟೆ ಮೂಟಿಗೂ ಕಟ್ಟುದಾ?" ಎಂದಳು.

"ಅದೂ ನಮ್ಮನಿದೇ ಅಲ್ದಾ?"

ಅವಳು ಒಂದು ಗಳಿಗೆ ನಿಂತು, ಆ ಮೂಟೆಗೆ ಕೈ ಮುಗಿದು ಒಳಗೆ ಹೋದಳು. ಹಾಲಿನ ಪ್ಯಾಕೆಟ್ಟು ತುಂಬಿದ ಮೂಟೆ ಅದು. ಅವಳು ಅದಕ್ಕೆ ಕೈ ಮುಗಿದಾಗ ನನಗೆ ನಾಚಿಕೆಯಾಗಬೇಕಿತ್ತು. ಗೆದ್ದೆ ಎನಿಸಿತು. ಆ ದಿನದಿಂದ ಅವಳು ಒಂದು ಡಬ್ಬಿಯನ್ನೂ ಮುಟ್ಟಲಿಲ್ಲ.

ಕದಿರನ್ನು ಮುಟ್ಟಿದ್ದು ಇಲಿಗಳು. ಮನೆ ತುಂಬ ಅಲ್ಲಲ್ಲಿ ಭತ್ತ ಕಟ್ಟಿಟ್ಟರೆ ಇಲಿಗೆ ಇನ್ನೇನು ಬೇಕು? ತೆನೆ ತಿಂದು ಮುಗಿಸಿದ ಮೇಲೂ ಅವು ಹೋಗಲಿಲ್ಲ, ಸಂಸಾರ ಹೂಡಿದವು. ಅಡುಗೆಮನೆಯ ಕಟ್ಟೆಯ ಮೇಲೆ ಹಿಕ್ಕೆ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಹಿಕ್ಕೆ. ದಿನಾ ಬೆಳಿಗ್ಗೆ ಎದ್ದು ಜಲಜ ಬರಿಗಾಲಲ್ಲಿ ನಿಂತು ನೆಲ ಒರೆಸುತ್ತಿದ್ದಳು. ಅವಳ ಹಿಮ್ಮಡಿ ಒಡೆದಿತ್ತು. ನಾನು ಇಲಿಬೋನು ತಂದೆ. ಎರಡು ದಿನ ಇಟ್ಟು, ಆಮೇಲೆ ಆ ಬೋನನ್ನೂ ರಾಶಿಗೆ ಸೇರಿಸಿದೆ.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೂರನೆಯ ದಿನ ಕಾಲಿನ ಮೀನಖಂಡ ನೋವಿಗೆ ನಿಲ್ಲಲಾಗಲಿಲ್ಲ, ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ನಿಂತಿತು. ಹಟ್ಟಿಯಂಗಡಿಯ ತವರಿನಿಂದ ಅವಳ ತಮ್ಮ ಶೇಖರ ಓಡಿಬಂದ, ಆಂಬುಲೆನ್ಸು ಕರೆಸಿದ. ಸ್ಟ್ರೆಚರು ಜಗಲಿ ದಾಟಿ ಒಳಗೆ ಬರಲಿಲ್ಲ. ಬಾಗಿಲಿನಿಂದ ಹಾಸಿಗೆಯವರೆಗೆ ಇದ್ದ ದಾರಿ ಒಬ್ಬರು ಅಡ್ಡಡ್ಡ ನಡೆಯುವಷ್ಟು ಮಾತ್ರ. ಅವಳನ್ನು ಚಾದರದಲ್ಲಿ ಸುತ್ತಿ ಎಳೆದುಕೊಂಡು ಬಂದೆವು. ನಡುವೆ ಅವಳ ಮೊಣಕೈ ತಾಗಿ ಒಂದು ರಾಶಿ ಕುಸಿಯಿತು. ಮೊಸರಿನ ಡಬ್ಬಿಗಳು ಅವಳ ಮುಖದ ಮೇಲೆ, ಎದೆಯ ಮೇಲೆ ಉರುಳಿದವು. ಒಂದರೊಳಗಿಂದ ಜಿರಲೆ ಹೊರಬಂದು ಅವಳ ಕುತ್ತಿಗೆಯ ಮೇಲೆ ಹರಿಯಿತು. ಅದನ್ನು ತೆಗೆಯುವ ಶಕ್ತಿಯೂ ಅವಳಿಗೆ ಇರಲಿಲ್ಲ. ಶೇಖರ ಕೈಯಲ್ಲೇ ಹೊಡೆದು ಕೆಡವಿದ. ನಾನೇನು ಮಾಡಿದೆ ಗೊತ್ತೇ? ಬಾಗಿ, ಉರುಳಿದ ಡಬ್ಬಿಗಳಲ್ಲಿ ಎರಡನ್ನು ಎತ್ತಿ ಬದಿಗಿಟ್ಟೆ.

ದೊಡ್ಡಾಸ್ಪತ್ರೆಯಲ್ಲಿ ಇಲಿ ಜ್ವರ ಎಂದರು, ಇಲಿಯ ಉಚ್ಚೆಯಿಂದ, ಒಡೆದ ಚರ್ಮದ ಮೂಲಕ ಬರುವಂಥದ್ದು. ಕಿಡ್ನಿಗೆ ಪೆಟ್ಟಾಗಿತ್ತು, ಡಯಾಲಿಸಿಸ್ ಬೇಕಾಯಿತು. ಮನೆಯಲ್ಲಿ ಇಲಿ ಇದೆಯೇ ಎಂದು ಡಾಕ್ಟರು ಕೇಳಿದಾಗ ನಾನು ತಡವರಿಸಿದೆ. ಅಲ್ಲಿಯವರೆಗೆ ನನ್ನೆದುರು ದನಿ ಎತ್ತದ ಶೇಖರ ಹೇಳಿದ: "ಇವ್ರ್ ಮನಿಯೊಳ್ಗೆ ಇಲಿ ಇಪ್ಪುದಲ್ಲ ಡಾಕ್ಟ್ರೆ, ಇಲಿ ಮನಿಯೊಳ್ಗೆ ಇವ್ರ್ ಇಪ್ಪುದ್."

ಐಸಿಯುವಿನ ಹೊರಗೆ ಸಾಲಾಗಿ ಇಟ್ಟಿದ್ದ ಕುರ್ಚಿಗಳಲ್ಲಿ ಒಂಬತ್ತು ದಿನ ಕೂತೆ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಏಳುತ್ತಿದ್ದೆವು, ಒಬ್ಬರ ಹೆಸರು ಕರೆಯುತ್ತಿದ್ದರು, ಉಳಿದವರು ಕೂರುತ್ತಿದ್ದೆವು. ಅವಳು ಸತ್ತರೆ ಕೊಂದವನು ನಾನೇ ಎಂದು ನನಗೆ ಗೊತ್ತಿತ್ತು. ಹಾಗಿದ್ದೂ ಮೂರನೆಯ ದಿನ ನನ್ನ ಚೀಲದೊಳಗೆ ಕೈ ಹಾಕಿದರೆ ಚಾ ಕುಡಿದ ಕಾಗದದ ಲೋಟಗಳು ಸಿಕ್ಕಿದವು. ನನ್ನವಷ್ಟೇ ಅಲ್ಲ, ಅಕ್ಕಪಕ್ಕದವರು ಕುಡಿದು ಬಿಟ್ಟವೂ ಇದ್ದವು, ಒಂದರೊಳಗೊಂದು ಅಂಟಿಕೊಂಡು. ಯಾವಾಗ ಎತ್ತಿಟ್ಟೆನೋ ನೆನಪೇ ಇಲ್ಲ. ಹೆಂಡತಿಯ ರಕ್ತ ಒಳಗೆ ಯಂತ್ರದಲ್ಲಿ ತಿರುಗುತ್ತಿರುವಾಗ ನಾನು ಕಂಡವರ ಎಂಜಲು ಲೋಟ ಒಟ್ಟುಮಾಡುತ್ತಿದ್ದೆ. ನನ್ನ ಮೇಲೆ ನನಗೇ ವಾಕರಿಕೆ ಬಂದದ್ದು ಆಗ, ಮೊದಲ ಸಲ. ನೆಲ ಒರೆಸುವ ಹೆಂಗಸೊಬ್ಬರು ನೋಡಿದರು. "ಕೊಡಿ ಅಣ್ಣ, ನಾ ಹಾಕ್ತೆ" ಎಂದು ಕೈ ಚಾಚಿದರು. ಕೊಟ್ಟೆ. ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಜಲಜ ಬದುಕಿದಳು. ಅವಳು ಆಸ್ಪತ್ರೆಯಲ್ಲಿದ್ದಾಗಲೇ, ನಾನು ಬಟ್ಟೆ ತರಲು ಮನೆಗೆ ಹೋದ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಸುಮತಿ ಬಂದಳು. ಇಲಿ ಜ್ವರ ಬಂದ ಮನೆಯನ್ನು ಅವರು ನೋಡಿ ಹೋಗಬೇಕಂತೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಒಳಗೆ ಇಟ್ಟವಳು ತಿರುಗಿ ಅಂಗಳಕ್ಕೆ ಓಡಿ ಕಕ್ಕಿದಳು. ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು ಬಂದಳು. ಬೈಗುಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ.

"ಮಹಾಬಲಣ್ಣ, ಇದ್ ಸೋಂಬೇರಿತನ ಅಲ್ಲ. ಇದೊಂದ್ ಕಾಯ್ಲೆ. ಮದ್ದ್ ಇತ್ತ್" ಎಂದಳು. ಮದ್ದು ಕೊಡುವುದು ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಜಲಜ ಗಾಡಿ ಹತ್ತುವ ಮೊದಲೇ ನನಗೆ ಹೇಳಿದಳು. ದನಿ ಸಣ್ಣಗಿತ್ತು, ಆದರೆ ಅಳುಕಿರಲಿಲ್ಲ. "ನಾ ಆ ಮನಿಗೆ ಬತ್ತಿಲ್ಲೆ. ಹಟ್ಟಿಯಂಗಡಿಗೆ ಹೋತೆ. ಮನಿ ಮನಿ ಹಾಂಗೆ ಆದ್ರೆ ಹೇಳಿ, ಬತ್ತೆ. ಆತಿಲ್ಲ ಅಂದ್ರೆ ಅದನ್ನೂ ಹೇಳಿ. ನಾ ಕಾಯೂದ್ ಬೇಡ ಅಲ್ದಾ?"

ಮೂವತ್ತೊಂದು ವರ್ಷದ ಸಂಸಾರ. ಕಾರು ಹೋದ ಮೇಲೆ ಸುಮತಿಯ ಚೀಟಿ ತೆಗೆದು ನೋಡಿದೆ.

ಮನಸ್ಸಿನ ಡಾಕ್ಟರ ಕೋಣೆಯ ಎದುರು ಕೂರಲು ನನಗೆ ಧೈರ್ಯ ಸಾಲಲಿಲ್ಲ. ಪಕ್ಕದ ಕಣ್ಣಿನ ವಿಭಾಗದ ಬೆಂಚಿನಲ್ಲಿ ಕೂತೆ. ಅಲ್ಲಿ ನನ್ನ ಹೋಟೆಲಿಗೆ ಬರುತ್ತಿದ್ದ ಕೋಟದ ಒಬ್ಬ ಪರಿಚಯದವರು ಸಿಕ್ಕಬೇಕೇ! "ಎಂತ, ಕಣ್ಣಿಗೆ ಪೊರೆಯಾ?" ಎಂದು ಕೇಳಿದರು. ಹೌದು ಎಂದೆ. ಎಡಗಣ್ಣೋ ಬಲಗಣ್ಣೋ ಎಂದೂ ಕೇಳಿದರು. ಎಡಗಣ್ಣು ಎಂದೆ. ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು, ಮಾನಸಿಕ ವಿಭಾಗಕ್ಕೆ ಬಂದ ಸಾಸ್ತಾನದ ಮಹಾಬಲ ಯಾರು ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದರು. ಎದ್ದು ಹೋದೆ. ಹಿಂದಿರುಗಿ ನೋಡಲಿಲ್ಲ.

ಡಾಕ್ಟರು ಧಾರವಾಡ ಕಡೆಯ ಹೆಂಗಸು, ನನ್ನ ಮಗಳಾಗುವ ವಯಸ್ಸು. ಮನೆಯ ಫೋಟೋ ತೋರಿಸಿದೆ. ಅವರು ಮುಖ ಸಿಂಡರಿಸಲಿಲ್ಲ. ಒಟ್ಟುಗೂಡಿಸುವ ಈ ಚಟ ಒಂದು ಕಾಯಿಲೆಯೇ, ನಿಮ್ಮಂಥವರು ಇನ್ನೂ ಬರುತ್ತಾರೆ ಎಂದರು. ಇನ್ನೂ ಬರುತ್ತಾರೆ ಎಂಬ ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮಾತ್ರೆ ಕೊಟ್ಟರು. ದಿನಕ್ಕೆ ಒಂದೇ ರಟ್ಟಿನ ಪೆಟ್ಟಿಗೆ ಖಾಲಿ ಮಾಡಬೇಕು, ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ ಎಂದು ಬಿಟ್ಟು ಹತ್ತು ನಿಮಿಷ ಸುಮ್ಮನೆ ಕೂರಬೇಕು, ವಾರಕ್ಕೊಮ್ಮೆ ಬಂದು ತೋರಿಸಬೇಕು ಎಂದರು.

ಮೊದಲ ವಾರ ಏಳು ಪೆಟ್ಟಿಗೆ ಡಬ್ಬಿಗಳನ್ನು ಗುಜರಿಯವನಿಗೆ ಕೊಟ್ಟೆ. ಎಂಟನೆಯ ದಿನ ಅವನ ಅಂಗಡಿಗೆ ಹೋಗಿ ಮೂರು ಪೆಟ್ಟಿಗೆ ವಾಪಸು ತಂದೆ. ಅವನು ಹಲ್ಲು ಕಿರಿದು, "ಎಂತ ಮರ್ರೆ, ಕೊಡೂದೂ ನೀವೇ, ಕೊಂಡೋಪುದೂ ನೀವೇ" ಎಂದ. ಡಾಕ್ಟರಿಗೆ ಸುಳ್ಳು ಹೇಳಲು ಹೊರಟವನು ಹೇಳಲಾರದೆ ನಿಜವನ್ನೇ ಹೇಳಿದೆ. ಡಬ್ಬಿಗಳಾದರೂ ಪರವಾಗಿಲ್ಲ, ಕದಿರು ಕಟ್ಟಿದ ಸಾಮಾನನ್ನು ಮಾತ್ರ ಮುಟ್ಟುವ ಹಾಗೇ ಇಲ್ಲ ಎಂದೂ ಹೇಳಿದೆ. ಅವರಿಗೆ ಹೊಸ್ತು ಗೊತ್ತಿರಲಿಲ್ಲ. ವಿವರಿಸಿದೆ. ಪೂರ್ತಿ ಕೇಳಿದರು.

"ಅದನ್ನ ಕಟ್ಟಿದವರು ಯಾರ್ರೀ?" ಎಂದರು.

"ನಾನೇ."

ಅವರು ಪೆನ್ನು ಕೆಳಗಿಟ್ಟರು. ನಾನು ಎದ್ದು ಬಸ್ಸು ಹಿಡಿದೆ.

ಮನೆಗೆ ಬಂದು ಜಲಜಳಿಗೆ ಫೋನು ಮಾಡಿದೆ. ಕದಿರು ಬಿಚ್ಚಿದರೆ ಏನು ಮಾಡಬೇಕು ಎಂದು ಕೇಳಿದೆ. ಅವಳು, "ಕಟ್ಟಿದ ಕೈಯಲ್ಲೇ ಬಿಚ್ಚಿ. ತೆಂಗಿನ ಬುಡಕ್ಕೆ ಹಾಕಿ. ದೇವ್ರಿಗೆ ತಪ್ಪಾಯ್ತ್ ಅಂತ ಹೇಳಿ" ಎಂದಳು. "ನಂಗೆ ಹೇಳೂದ್ ಆಮೇಲೆ" ಎಂದು ಫೋನಿಟ್ಟಳು.

ಬಿಚ್ಚತೊಡಗಿದೆ. ಬೂಟು, ಕೈಗವಸು, ಮೂಗಿಗೆ ಬಟ್ಟೆ, ಎಲ್ಲವನ್ನೂ ಸುಮತಿ ತಂದುಕೊಟ್ಟಿದ್ದಳು. ಎಲೆಗಳು ಕಪ್ಪಾಗಿ ಅಂಟಂಟಾಗಿದ್ದವು. ಒಂದು ತೆನೆಯಲ್ಲೂ ಕಾಳಿರಲಿಲ್ಲ, ಬರೀ ಹೊಟ್ಟು, ಹೊಟ್ಟಿನ ನಡುವೆ ಹಿಕ್ಕೆ. ಗದ್ದೆಯಲ್ಲಿ ಕೈ ಮುಗಿದು ತಲೆಯ ಮೇಲೆ ಹೊತ್ತು ತಂದದ್ದು ಅದು. ಹಾಲಿನ ಪ್ಯಾಕೆಟ್ಟಿನ ಮೂಟೆ ಎತ್ತಿದರೆ ತಳ ಕಿತ್ತುಬಂತು. ಒಳಗೆ ಭತ್ತದ ಹುಲ್ಲು, ನಾರು, ಮಾವಿನೆಲೆಯ ಚೂರುಗಳಿಂದ ಕಟ್ಟಿದ ಗೂಡು, ಅದರಲ್ಲಿ ಕಣ್ಣು ಬಿಡದ ಕೆಂಪು ಮರಿಗಳು, ಕೆಲವು ಸತ್ತು ನೀರೊಡೆದಿದ್ದವು. ಜಲಜ ಕೈ ಮುಗಿದ ಮೂಟೆ. ಅಂಗಳಕ್ಕೆ ಹೋಗಿ ಸುಮತಿ ಕಕ್ಕಿದ ಜಾಗದ ಹತ್ತಿರವೇ ನಾನೂ ಕಕ್ಕಿದೆ. ಆಮೇಲೆ ಅತ್ತೆ. ಬಾಯಿ ತೊಳೆದುಕೊಂಡು ಮತ್ತೆ ಒಳಗೆ ಹೋದೆ.

ಬಿಚ್ಚಲು ಹನ್ನೊಂದು ದಿನ ಹಿಡಿಯಿತು. ಸಾಮಾನು ಹೊರಗೆ ಹೋಗಲು ತಿಂಗಳುಗಳೇ ಬೇಕಾದವು. ಒಂದೇ ದಿನದಲ್ಲಿ ಜೆಸಿಬಿ ತಂದು ಖಾಲಿ ಮಾಡಿಸೋಣ ಎಂದ ಶೇಖರ. ಡಾಕ್ಟರು ಬೇಡ ಎಂದರು. ಬೇರೆಯವರು ಖಾಲಿ ಮಾಡಿದರೆ ನೀವು ಮತ್ತೆ ತುಂಬಿಸುತ್ತೀರಿ ಎಂದರು. ಸರಿಯಾಗಿಯೇ ಹೇಳಿದರು. ನಡುವೆ ಎರಡು ವಾರ ಏನನ್ನೂ ಮಾಡದೆ ಬೆಂಚಿನ ಮೇಲೆ ಮಲಗಿದ್ದೆ. ಒಂದು ಸಲ ಶಟರು ಹೊತ್ತ ಗುಜರಿ ಗಾಡಿಯ ಹಿಂದೆ ಗೇಟಿನವರೆಗೆ ಓಡಿದೆ. ಆ ವರ್ಷದ ಹೊಸ್ತಿಗೆ ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ ಮಾತ್ರ ಕದಿರು ಕಟ್ಟಿ, ಒಬ್ಬನೇ ಕೂತು ಉಂಡೆ. ಪಾಯಸ ಮಾಡಲು ನನಗೆ ಬರುತ್ತದೆ, ಹೋಟೆಲಿನವನಲ್ಲವೇ?

ಕಾಯಿಲೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಖಾಲಿ ಬಾಟಲಿ ಕಂಡರೆ ಕೈ ಈಗಲೂ ತುರಿಸುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಬ್ರಹ್ಮಾವರ ಬರುವಷ್ಟರಲ್ಲಿ ಹೋಗುತ್ತದೆ.

ಎಂಟು ತಿಂಗಳ ಮೇಲೆ ಜಲಜಳಿಗೆ ಫೋನು ಮಾಡಿ, "ಬಂದ್ ಕಾಣ್" ಎಂದೆ. ಶೇಖರ ಕಾರಿನಲ್ಲಿ ಕರೆತಂದ. ನಾನು ಹಿಂದಿನ ದಿನ ನೆಲವನ್ನು ಮೂರು ಸಲ ಒರೆಸಿದ್ದೆ, ಗೋಡೆಗೆ ಸುಣ್ಣ ಹೊಡೆಸಿದ್ದೆ. ಅವಳು ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಜಗಲಿ ಹತ್ತಿದಳು. ಒಳಗೆ ಹೋದಳು, ಕೋಣೆ ಕೋಣೆ ನೋಡಿದಳು, ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಾಡಿಸಿ ಬೆರಳನ್ನು ಮೂಸಿದಳು. ನಾನು ಹಿಂದೆ ಹಿಂದೆಯೇ ಹೋದೆ. ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ.

ಅವಳು ನಡುಮನೆಗೆ ಬಂದು ನಿಂತು ನನ್ನನ್ನು ನೋಡಿದಳು. ಮುಖ ಕೆಂಪಾಗಿತ್ತು.

"ಹಾಂಗಾರೆ ಆತಿತ್ತಲ್ಲ!" ಎಂದಳು. "ನಿಮ್ಮತ್ರ ಆತಿತ್ತ್. ಇಷ್ಟ್ ವರ್ಷ ನಾ ಬಾಯ್ ಬಡ್ಕಂಡದ್ ಎಂತಕೆ? ನಾ ಸಾಯೂಕೆ ಬಿದ್ದ ಮೇಲೆ ಮಾಡೂಕೆ ಆದದ್ದ್, ಮುಂಚೆ ಎಂತಕೆ ಆಯ್ಲಿಲ್ಲ?"

ಕಾಯಿಲೆ ಎಂದು ಹೇಳಬಹುದಿತ್ತು. ಡಾಕ್ಟರು ಹೇಳಿಕೊಟ್ಟ ಮಾತುಗಳೂ ಇದ್ದವು. ನನ್ನ ಬಾಯಿಗೆ ಬಂದದ್ದು ಒಂದೇ. "ತಪ್ಪಾಯ್ತ್ ಜಲಜ."

"ಹೌದ್, ತಪ್ಪಾಯ್ತ್" ಎಂದಳು ಅವಳು. ಶೇಖರನಿಗೆ, "ನೀ ಹೋಗ್" ಎಂದಳು. ಚೀಲವನ್ನು ನಡುಮನೆಯ ನೆಲದ ಮೇಲೆ ಇಟ್ಟು, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು.

ಆ ಚೀಲವನ್ನು ಅವಳು ಬಿಚ್ಚಲಿಲ್ಲ. ಒಂದು ಸೀರೆ ಬೇಕಾದರೆ ಅದರಿಂದ ತೆಗೆದು ಉಡುತ್ತಿದ್ದಳು, ಒಗೆದು ಒಣಗಿದ ಮೇಲೆ ಮಡಚಿ ಮತ್ತೆ ಅದರಲ್ಲೇ ಇಡುತ್ತಿದ್ದಳು. ಮಾತ್ರೆ, ಬಾಚಣಿಗೆ, ಆಸ್ಪತ್ರೆಯ ಫೈಲು, ಎಲ್ಲ ಅದರಲ್ಲೇ. ಎದ್ದು ಹೋಗುವುದಾದರೆ ಎರಡು ನಿಮಿಷ ಸಾಕು. ಖಾಲಿ ನಡುಮನೆಯಲ್ಲಿ ಆ ಚೀಲ ಒಂದೇ ಇತ್ತು. ಹೋಗುತ್ತ ಬರುತ್ತ ನಾನು ಅದನ್ನು ಸುತ್ತು ಬಳಸಿ ನಡೆದೆ, ಒರೆಸುವಾಗಲೂ ಮುಟ್ಟಲಿಲ್ಲ. ಯಾವಾಗ ಬಿಚ್ಚುತ್ತೀ ಎಂದು ಕೇಳಲು ಬಾಯಿಯವರೆಗೆ ಬರುತ್ತಿತ್ತು. ಕೇಳಲು ನನಗೆ ಹಕ್ಕಿರಲಿಲ್ಲ. ಹೀಗೆ ಆರು ವಾರ.

ಮೊನ್ನೆ ಗುರುವಾರ ಮಧ್ಯಾಹ್ನ ಅವಳು ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ನೋಡಿದೆ. ಚೀಲದ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಸೀರೆ ತೆಗೆದು ತೊಡೆಯ ಮೇಲೆ ಪೇರಿಸಿಕೊಳ್ಳುತ್ತಿದ್ದಳು. ನಾನು ಕಂಡದ್ದು ಅವಳಿಗೆ ಗೊತ್ತಾಗಬಾರದು ಎಂದು ಸದ್ದಿಲ್ಲದೆ ಅಂಗಳಕ್ಕೆ ಹೋಗಿ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಾಗಿಲಿಗೆ ಬಂದಳು. ಖಾಲಿ ಚೀಲವನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು.

"ಹ್ವಾಯ್, ಇದನ್ನ ಎಂತ ಮಾಡುದ್?" ಎಂದಳು.

"ಯಾರಿಗಾರೂ ಕೊಡ್" ಎಂದೆ.